ಹಾಸೋ ಮುಂಚೆ ಬೆನ್ನು ನೋಡಿ: ವೆಸ್ಟರ್ನ್ ಜೀನಿನ ಪ್ಯಾಡ್ ಬಗ್ಗೆ ನಿಮ್ಮ ಪ್ರಶ್ನೆಗಳು

ಈ ತಿಂಗಳ ಪತ್ರಗಳನ್ನ ಬಿಚ್ಚಿದ್ರೆ ಅರ್ಧಕ್ಕರ್ಧ ಒಂದೇ ವಿಷಯ, ಕುದುರೆ ಬೆನ್ನಿಗೆ ಕಟ್ಟೋ ಜೀನಿನ, ಅದರಲ್ಲೂ ಕೌಬಾಯ್ ಶೈಲಿಯ ವೆಸ್ಟರ್ನ್ ಜೀನಿನ ಕೆಳಗೆ ಹಾಸೋ ಪ್ಯಾಡ್. ಪುಣೆ ಸುತ್ತಮುತ್ತ ಫಾರ್ಮ್‌ಹೌಸ್ ಲಾಯಗಳು ಜಾಸ್ತಿ ಆದ್ಮೇಲೆ ನಮ್ಮ ಕನ್ನಡದ ಮಂದೀನೂ ಭಾನುವಾರ ಬಂತು ಅಂದ್ರೆ ಕೌಬಾಯ್ ಟೋಪಿ ಹಾಕ್ಕೊಂಡು ಹೊರಡೋದು ಕಾಣ್ತಿದೆ, ಒಳ್ಳೇದೇ, ಟೋಪಿ ಬದಲು ಹೆಲ್ಮೆಟ್ ಹಾಕಿದ್ರೆ ಇನ್ನೂ ಒಳ್ಳೇದು, ಆ ಜಗಳ ಇನ್ನೊಂದು ಸಲ ಆಡೋಣ. ಬಂದಿದ್ರಲ್ಲಿ ಐದು ಪತ್ರ ಆರಿಸಿದೀನಿ. ಹೆಸರು ಹಾಕ್ಬೇಡಿ ಅಂದೋರೇ ಜಾಸ್ತಿ, ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಅಕ್ಕಾರ, ನಮಸ್ಕಾರ್ರಿ. ನಾ ಹುಬ್ಬಳ್ಳಿಯವ, ಪುಣೆದಾಗ ಐಟಿ ಕೆಲಸ, ಬಾಣೇರ್‌ನಾಗ ಮನಿ. ಹೋದ ವರ್ಷ ರೇಸಿನಿಂದ ರಿಟೈರ್ ಆದ ಒಂದು ಕುದುರಿ ತಗೊಂಡೆ, ಒಂಬತ್ತು ವರ್ಷದ್ದು, ಮುಳಶಿ ಕಡೆ ಒಂದು ಫಾರ್ಮ್‌ನಾಗ ಇಟ್ಟೀನಿ. ವೆಸ್ಟರ್ನ್ ಜೀನು ಸೆಕೆಂಡ್ ಹ್ಯಾಂಡ್ ಸಿಕ್ತು, ಕಾನ್ಪುರದ್ದು, ಭಾಳ ಚಂದ ಕೆತ್ತನಿ ಐತಿ. ಆದ್ರ ಜೀನು ಮುಂದಕ್ಕ ಕುಸಿತೈತಿ, ಅದಕ್ಕ ಒಂದರ ಮ್ಯಾಲೆ ಒಂದು ಎರಡು ಪ್ಯಾಡ್ ಹಾಕೀನಿ. ಸವಾರಿ ಆದ ಮ್ಯಾಲೆ ತೆಗದು ನೋಡಿದ್ರ ಬೆನ್ನೆಲ್ಲಾ ಬೆವತಿರತೈತಿ, ಹೆಗಲ ಹತ್ರ ಎರಡೂ ಕಡೆ ಮಾತ್ರ ಅಂಗೈ ಅಗಲ ಒಣಗಿರತೈತಿ. ಈಗೀಗ ಹೊಟ್ಟಿ ಸುತ್ತ ಕಟ್ಟೋ ಪಟ್ಟಿ, ತಂಗ್, ಬಿಗಿಯಾಕ ಹೋದ್ರ ಕಿವಿ ಹಿಂದಕ್ಕ ಮಾಡಿ ಕಚ್ಚಾಕ ಬರತೈತಿ. ಅಂಗಡಿಯವ್ರು ಒಂದೂವರಿ ಇಂಚಿನ ಜೆಲ್ ಪ್ಯಾಡ್ ತಗೋರಿ, ಎಲ್ಲಾ ಸರಿ ಹೋಗತೈತಿ ಅಂತಾರ. ತಗೊಳ್ಳೇನ್ರಿ?

ಉತ್ತರ: ತಗೋಬೇಡಿ ತಮ್ಮಾ. ಈಗ ಹಾಕಿರೋ ಎರಡರಲ್ಲೂ ಒಂದನ್ನ ತೆಗೆದಿಡಿ, ಆಮೇಲೆ ಮುಂದಿನ ಮಾತು. ಉಪಯೋಗ ಇಲ್ದೆ ಸುಮ್ನೆ ತುಂಬಿಸಿದ್ದಕ್ಕೆ ಮರಾಠಿಯೋರು ಖೋಗೀರ್‌ಭರ್ತಿ ಅಂತಾರಲ್ಲ, ಖೋಗೀರ್ ಅಂದ್ರೆ ಜೀನೇ, ಆ ಮಾತು ಹುಟ್ಟಿಸಿದೋನು ನಿಮ್ಮಂಥೋರ ಲಾಯಕ್ಕೆ ಬಂದು ಹೋಗಿರ್ಬೇಕು. ಬೇಜಾರು ಮಾಡ್ಕೋಬೇಡಿ, ನಾನೂ ಇದೇ ಮಾಡಿದೋಳೇ. ಶುರುವಿನಲ್ಲಿ ನನ್ನ ಹತ್ರ ಇದ್ದ ಕಂದು ಹೆಣ್ಣು ಕುದುರೆಗೆ ಜೀನು ಸರಿ ಕೂರ್ತಿಲ್ಲ ಅಂತ ಸ್ಪಂಜ್ ಪ್ಯಾಡ್ ಮೇಲೆ ಪ್ಯಾಡ್ ಹಾಕಿ ಒಂದು ಚಳಿಗಾಲ ಪೂರ್ತಿ ಸವಾರಿ ಮಾಡಿದೆ, ಮುಂದಿನ ಸಲ ಕೂದಲು ಉದುರಿ ಹೊಸದು ಬಂದಾಗ ಹೆಗಲ ಎರಡೂ ಕಡೆ ರೂಪಾಯಿ ಅಗಲ ಬೆಳ್ಳಗೆ ಬಂತು, ಅದು ಸಾಯೋವರೆಗೂ ಹೋಗ್ಲಿಲ್ಲ. ಒತ್ತಡ ಬಿದ್ದು ಬಿದ್ದು ಕೂದಲ ಬುಡದಲ್ಲಿ ಬಣ್ಣ ಕೊಡೋ ಕಣಗಳು ಹಾಳಾದ್ರೆ ಆಮೇಲೆ ಅಲ್ಲಿ ಬಿಳಿ ಕೂದಲೇ ಹುಟ್ಟೋದು. ನೋಡಿದೋರೆಲ್ಲ ಏನ್ ಚಂದ ಮಚ್ಚೆ ಅಂತಿದ್ರು, ನನಗೆ ಮಾತ್ರ ಗೊತ್ತಿತ್ತು ಅದು ಯಾರ ಕೈಬರಹ ಅಂತ.

ನಿಮ್ಮ ಪತ್ರದಲ್ಲಿ ಅಸಲು ವಿಷಯ ಇರೋದು ಆ ಒಣಗಿದ ಜಾಗದಲ್ಲಿ. ಸುತ್ತಾ ಬೆವರಿದ್ದು ಅಲ್ಲಿ ಮಾತ್ರ ಒಣಗಿದೆ ಅಂದ್ರೆ ಎರಡರಲ್ಲಿ ಒಂದು, ಜೀನು ಅಲ್ಲಿ ತಾಗ್ತಾನೇ ಇಲ್ಲ, ಇಲ್ಲಾ ಎಷ್ಟು ಒತ್ತಿದೆ ಅಂದ್ರೆ ಬೆವರೂ ಹುಟ್ಟೋಕೆ ಆಗಿಲ್ಲ. ಬೆನ್ನಿನ ನಡುಭಾಗದಲ್ಲಿ ಒಣಗಿದ್ರೆ ಸಾಮಾನ್ಯವಾಗಿ ಮೊದಲನೇದು, ಜೀನು ಹಿಂದೆ ಮುಂದೆ ಮಾತ್ರ ಊರಿ ನಡುವೆ ಸೇತುವೆ ಥರ ನಿಂತಿರುತ್ತೆ. ಹೆಗಲ ಹತ್ರ, ಅದೂ ಎರಡೂ ಕಡೆ ಒಂದೇ ಥರ ಅಂದ್ರೆ ನನಗಂತೂ ಒತ್ತಡಾನೇ ಕಾಣುತ್ತೆ, ಮೇಲಿಂದ ತಂಗ್ ಕಟ್ಟುವಾಗ ಕಚ್ಚೋಕೆ ಬರೋದು ಬೇರೆ ಸೇರ್ಕೊಂಡಿದೆ.

ಯಾಕೆ ಹಿಂಗಾಯ್ತು ಅಂದ್ರೆ, ನಿಮ್ಮದು ರೇಸ್ ಕುದುರೆ, ಥರೋಬ್ರೆಡ್. ನಮ್ಮ ಕಡೆ ನವೆಂಬರ್‌ನಿಂದ ಬೇಸಿಗೆವರೆಗೆ ಮುಂಬೈನ ಮಹಾಲಕ್ಷ್ಮಿಯಲ್ಲಿ, ಮಳೆಗಾಲದಲ್ಲಿ ಪುಣೆ ಕ್ಯಾಂಪಿನ ರೇಸ್‌ಕೋರ್ಸಲ್ಲಿ ಓಡಿ ಓಡಿ ಆಮೇಲೆ ಸವಾರಿ ಲಾಯಗಳಿಗೆ ಬರೋದು ಇವೇ. ಕತ್ತು ಮುಗಿದು ಬೆನ್ನು ಶುರುವಾಗೋ ಕಡೆ ಮೂಳೆ ದಿಬ್ಬ ಇರುತ್ತಲ್ಲ, ವಿದರ್ಸ್ ಅಂತಾರೆ, ಇವುಗಳಿಗೆ ಅದು ಎತ್ತರಕ್ಕೆ ಚೂಪಾಗಿ ಎದ್ದಿರುತ್ತೆ, ಅದರ ಹಿಂದೆ ಎರಡೂ ಪಕ್ಕ ಗುಳಿ. ಈಗಿನ ವೆಸ್ಟರ್ನ್ ಜೀನು ಹೆಚ್ಚಾಗಿ ಯಾರಿಗೆ ಅಂತ ಮಾಡೋದು? ಅಮೆರಿಕದ ಕ್ವಾರ್ಟರ್ ಹಾರ್ಸ್‌ಗೆ, ಅದು ಅಗಲ ಬೆನ್ನಿನ, ದಪ್ಪ ತೊಡೆಯ ಪೈಲ್ವಾನ್ ಕುದುರೆ. ಕಾನ್ಪುರದಲ್ಲಿ ಜೀನು ಮಾಡೋರು ಒಳ್ಳೆ ಕೈಗಾರರು, ಅವರ ಕೆಲಸಕ್ಕೆ ಜಿಐ ಟ್ಯಾಗೂ ಇದೆ, ಆದ್ರೆ ವೆಸ್ಟರ್ನ್ ಜೀನಲ್ಲಿ ಅವರ ಕಣ್ಣೂ ರಫ್ತಿನ ಆರ್ಡರ್ ಮೇಲೇ ಇರೋದು, ಹಾಗಾಗಿ ಒಳಗಿನ ಮರದ ಅಚ್ಚು ಆ ಅಗಲ ಬೆನ್ನಿನ ಲೆಕ್ಕದ್ದೇ ಬರೋದು ಜಾಸ್ತಿ. ಪೈಲ್ವಾನನ ಕೋಟು ಕಡ್ಡಿ ಹುಡುಗನಿಗೆ ಹಾಕಿದಂಗಾಗಿದೆ, ಕೋಟು ಕೆಟ್ಟದ್ದಲ್ಲ.

ಆದ್ರೆ ನಾನು ಇಲ್ಲಿ ಕೂತು ಹೇಳಿದ್ದು ಊಹೆ, ನೀವು ಕೈಯಿಟ್ಟು ನೋಡ್ಬೇಕು. ಪ್ಯಾಡೆಲ್ಲ ತೆಗೆದು, ತಂಗೂ ಕಟ್ಟದೆ, ಬರೀ ಜೀನನ್ನ ಬರೀ ಬೆನ್ನ ಮೇಲೆ ಇಡಿ, ಕುದುರೆ ಸಮ ನೆಲದಲ್ಲಿ ನಾಲ್ಕೂ ಕಾಲು ಊರಿ ನಿಂತಿರ್ಲಿ. ಆಮೇಲೆ ಅಂಗೈ ಚಪ್ಪಟೆ ಮಾಡಿ ಜೀನಿನ ಮುಂಭಾಗದ ಕೆಳಗೆ ಹೆಗಲ ಕಡೆಯಿಂದ ತೂರ್ಸಿ. ಕೈ ಹೋಗೋಕೇ ಒದ್ದಾಡ್ತಿದೆ, ಗಿಂಡ್ತಿದೆ ಅಂದ್ರೆ ಅಚ್ಚು ಚಿಕ್ಕದು, ಆಗ ಪ್ಯಾಡ್ ಹಾಕಿದಷ್ಟೂ ಹಾಳು, ಬಿಗಿ ಬಳೆ ಅಂತ ಕೈಗೆ ಬಟ್ಟೆ ಸುತ್ತಿ ಬಳೆ ತೊಡಿಸಿದಂಗೆ. ಒಂದಿಂಚು ಪ್ಯಾಡ್ ಅಂದ್ರೆ ಒಂದೇ ಇಂಚಲ್ಲ, ಎಡಕ್ಕೊಂದು ಬಲಕ್ಕೊಂದು ಅನ್ನೋದು ಲೆಕ್ಕಕ್ಕೆ ತಗೊಳ್ಳಿ. ಅಂಥ ಜೀನು ಮಾರಿ ಬೇರೆ ತಗೊಳ್ಳೋದು ಬಿಟ್ಟು ದಾರಿ ಇಲ್ಲ, ಕೆತ್ತನೆ ಎಷ್ಟೇ ಚಂದ ಇರ್ಲಿ. ಹಂಗಲ್ಲದೆ ಕೈ ಸಲೀಸಾಗಿ ಒಳಗೆ ಹೋಗ್ತಿದೆ, ಜೀನಿನ ಮುಂದಿನ ಕಮಾನು ಮಾತ್ರ ವಿದರ್ಸ್ ಮೇಲೆ ಬಂದು ಕೂತುಬಿಟ್ಟಿದೆ ಅಂದ್ರೆ ಅಚ್ಚು ಅಗಲ ಜಾಸ್ತಿ, ಇದಕ್ಕೆ ಪ್ಯಾಡಿಂದ ಒಂದು ಮಟ್ಟಿಗೆ ಉಪಾಯ ಇದೆ. ಆ ಗುಳಿ ಇದೆಯಲ್ಲ, ಅಲ್ಲಿಗೆ ಮಾತ್ರ ಪ್ಯಾಡಿನ ಜೇಬಿನೊಳಗೆ ಫೆಲ್ಟಿನ ತೆಳು ತುಂಡು ಸೇರಿಸೋ ಪ್ಯಾಡುಗಳು ಬರುತ್ತೆ, ಶಿಮ್ ಅಂತಾರೆ, ಟೇಬಲ್ ಕಾಲು ಗಿಡ್ಡ ಇದ್ರೆ ರಟ್ಟು ಮಡಚಿ ಇಡಲ್ವಾ, ಅದೇ. ಬೆನ್ನು ಪೂರ್ತಿ ದಪ್ಪ ಮಾಡೋದಕ್ಕೂ ಬೇಕಾದ ಕಡೆ ಮಾತ್ರ ತುಂಬೋದಕ್ಕೂ ವ್ಯತ್ಯಾಸ ಇದೆ. ಎಲ್ಲಾ ಆದ್ಮೇಲೆ ನೀವು ಹತ್ತಿ ಕೂತಾಗ ಕಮಾನಿಗೂ ವಿದರ್ಸ್‌ಗೂ ನಡುವೆ ಎರಡು ಮೂರು ಬೆರಳು ಆರಾಮಾಗಿ ಹೋಗ್ಬೇಕು, ಬರೀ ಜೀನಿಟ್ಟು ಅಳೆದು ಖುಷಿ ಪಡಬೇಡಿ, ನಿಮ್ಮ ಭಾರ ಬಿದ್ಮೇಲೆ ಅದು ಇಳಿಯುತ್ತೆ.

ಈಗ ಪ್ಯಾಡು. ಜೀನು ತಕ್ಕಮಟ್ಟಿಗೆ ಕೂತಿದೆ ಅಂತಾದ್ರೆ ನನ್ನ ಮಾತು ಕೇಳೋದಾದ್ರೆ ಮುಕ್ಕಾಲು ಇಂಚಿನ ಉಣ್ಣೆ ಫೆಲ್ಟ್, ಬೆನ್ನಿನ ಬಾಗಿಗೆ ತಕ್ಕಂತೆ ಕತ್ತರಿಸಿ ಹೊಲಿದಿದ್ದು, ವಿದರ್ಸ್ ಹತ್ರ ಸೀಳಿರೋದು. ಚಪ್ಪಟೆ ಚೌಕ ತುಂಡು ನಿಮ್ಮ ಕುದುರೆಗೆ ಬೇಡ, ದಿಬ್ಬದ ಮೇಲೆ ಬಿಗಿಯಾಗಿ ಹರಡಿ ಕೂರುತ್ತೆ. ಜೆಲ್ ಯಾಕೆ ಬೇಡ ಅಂದ್ರೆ ಅದು ಭಾರ, ಗಾಳಿ ಆಡಲ್ಲ, ನಮ್ಮ ಏಪ್ರಿಲ್ ಮೇ ಬಿಸಿಲಲ್ಲಿ ಬೆನ್ನು ಬೇಯುತ್ತೆ, ಮತ್ತೆ ಒಂದೂವರೆ ಇಂಚು ಎತ್ತರದಲ್ಲಿ ಜೀನು ಗಟ್ಟಿಯಾಗಿ ನಿಲ್ಲಲ್ಲ, ಪಕ್ಕಕ್ಕೆ ಹೊರಳುತ್ತೆ, ಹೊರಳುತ್ತೆ ಅಂತ ನೀವು ತಂಗ್ ಇನ್ನೂ ಬಿಗೀತೀರಿ, ಬಿಗಿದ್ರೆ ಅದು ಇನ್ನೂ ಕಚ್ಚೋಕೆ ಬರುತ್ತೆ. ನಿಯೋಪ್ರೀನ್ ಅಂತ ರಬ್ಬರಿನಂಥದ್ದು ಬರುತ್ತೆ, ಪೈಪ್ ಹಿಡಿದು ತೊಳೆದ್ರೆ ಆಯ್ತು, ಜಾರಲ್ಲ, ಒಪ್ಪಿದೆ, ಆದ್ರೆ ಅದೂ ಬೆವರು ಹೀರಲ್ಲ, ಶಾಖಾನ ಒಳಗೇ ಇಟ್ಕೊಳ್ಳುತ್ತೆ, ಕೆಲವು ಕುದುರೆಗಳ ಚರ್ಮಕ್ಕೂ ಆಗಲ್ಲ. ಉಣ್ಣೆ ಮಾತ್ರ ತನ್ನ ತೂಕದ ಮೂರನೇ ಒಂದು ಭಾಗದ ಹತ್ತಿರ ತೇವ ಕುಡಿದ್ರೂ ಒದ್ದೆ ಅನ್ನಿಸಲ್ಲ, ಅದಕ್ಕೇ ನಮ್ಮ ಮಲೆನಾಡಲ್ಲಿ ಮಳೆಗೆ ಕಂಬಳಿಕೊಪ್ಪೆ ಹಾಕ್ಕೊಂಡು ನಾಟಿ ಮಾಡ್ತಿದ್ದಿದ್ದು.

ಅಂಗಡೀಲಿ ನೋಡೋದು ಹೆಂಗೆ? ಪ್ಯಾಡಿನ ಅಂಚನ್ನ ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಜೋರಾಗಿ ಹಿಚುಕಿ. ಬೆರಳಿಗೆ ಬೆರಳು ತಾಗಿದಂಗಾದ್ರೆ ನಿಮ್ಮ ಭಾರಕ್ಕೂ ಅದು ಹಂಗೇ ಅಪ್ಪಚ್ಚಿ ಆಗುತ್ತೆ, ಒಂದಿಂಚಿನ ಸ್ಪಂಜು ನಿಜದಲ್ಲಿ ಕಾಲಿಂಚೂ ಅಲ್ಲ. ಒಳ್ಳೆ ಫೆಲ್ಟ್ ಹಳೇ ಕೌದಿ ಥರ, ಒತ್ತಿದ್ರೆ ಸ್ವಲ್ಪ ಕೊಡುತ್ತೆ, ಆಮೇಲೆ ತಡೆದು ನಿಲ್ಲುತ್ತೆ. ಉಣ್ಣೆ ಅಂತ ಚೀಟಿ ಇದ್ರೂ ನಂಬಬೇಡಿ, ಅಂಚಿಂದ ಚೂರು ನಾರು ಕಿತ್ತು ಸುಟ್ಟು ನೋಡಿ (ಅಂಗಡಿ ಹೊರಗೆ ಬಂದು, ದಯವಿಟ್ಟು), ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬಂದು ಬೂದಿ ಪುಡಿಯಾಗುತ್ತೆ, ಪ್ಲಾಸ್ಟಿಕ್ ನಾರು ಕರಗಿ ಗಟ್ಟಿ ಮಣಿ ಆಗುತ್ತೆ. ಅಳತೆ ಅಂದ್ರೆ ಜೀನಿನ ಕೆಳಗಿನ ಚರ್ಮದ ಅಂಚು, ಸ್ಕರ್ಟ್ ಅಂತಾರಲ್ಲ, ಅದನ್ನ ಟೇಪಲ್ಲಿ ಅಳೆದು ಸುತ್ತಾ ಒಂದೆರಡು ಇಂಚು ಹೊರಗೆ ಬರೋದು ತಗೊಳ್ಳಿ, ಚೌಕ ಸ್ಕರ್ಟಿಗೆ 30 ಅಥವಾ 32 ಇಂಚಿನದ್ದು ಸಾಮಾನ್ಯ. ಕಾಲಿಡೋ ರಿಕಾಪಿನ ಪಟ್ಟಿ ಉಜ್ಜೋ ಕಡೆ ಚರ್ಮದ ತೇಪೆ ಇದ್ಯಾ ನೋಡಿ, ಇಲ್ಲಾಂದ್ರೆ ವರ್ಷದೊಳಗೆ ಅಲ್ಲೇ ಸವೆಯುತ್ತೆ. ಬೆಲೆ ಕೇಳಿದ್ರೆ ಎದೆ ಧಸಕ್ ಅನ್ನುತ್ತೆ, ಅಮೆರಿಕದಲ್ಲೇ ಒಳ್ಳೆ ಉಣ್ಣೆ ಫೆಲ್ಟ್ ಪ್ಯಾಡ್ 150ರಿಂದ 300 ಡಾಲರ್ ಆಸುಪಾಸು, ಇಲ್ಲಿಗೆ ಬರೋ ಹೊತ್ತಿಗೆ ಕಸ್ಟಮ್ಸು ಕೊರಿಯರು ಬೇರೆ. ಆದ್ರೂ ಅಗ್ಗ ಅಂತ ಮುಗ್ಗಿದ ಜೋಳ ತಂದಂಗೆ ಮಾಡ್ಬೇಡಿ, ವರ್ಷಕ್ಕೊಂದು ಸ್ಪಂಜ್ ಪ್ಯಾಡ್ ಎಸೆಯೋದಕ್ಕಿಂತ ಇದೇ ಲಾಭ.

ಹಾಸುವಾಗ ಪ್ಯಾಡನ್ನ ಬೇಕಾದ್ದಕ್ಕಿಂತ ಸ್ವಲ್ಪ ಮುಂದೆ ಇಟ್ಟು ಹಿಂದಕ್ಕೆ ಜಾರಿಸಿ, ಕೂದಲು ಹುಟ್ಟಿದ ದಿಕ್ಕಿಗೇ ಮಲಗುತ್ತೆ. ಹಿಂದೆ ಹೋಯ್ತು ಅಂತ ಮುಂದಕ್ಕೆ ಎಳೀಬೇಡಿ, ಎತ್ತಿ ಮತ್ತೆ ಮುಂದಿಂದ ಶುರು ಮಾಡಿ. ಜೀನಿಟ್ಟ ಮೇಲೆ ತಂಗ್ ಬಿಗಿಯೋ ಮುಂಚೆ ಪ್ಯಾಡಿನ ಮುಂಭಾಗನ ಕಮಾನಿನೊಳಕ್ಕೆ ಮೇಲೆತ್ತಿ ಗುಡಾರದ ಥರ ಮಾಡಿ, ಬೆನ್ನುಮೂಳೆ ಉದ್ದಕ್ಕೂ ಗಾಳಿ ಹೋಗ್ಲಿ. ಇಷ್ಟನ್ನ ಮಾಡದೇ ಇರೋದ್ರಿಂದಾನೇ ಎಷ್ಟೋ ವಿದರ್ಸ್ ಹುಣ್ಣಾಗೋದು. ನಲವತ್ತು ನಿಮಿಷ ಸವಾರಿ ಮಾಡಿ ಜೀನನ್ನ ಎಳೀದೆ ನೇರ ಮೇಲೆತ್ತಿ ಬೆವರಿನ ಗುರುತು ಫೋಟೋ ತೆಗೆದಿಡಿ, ಮಾರನೇ ದಿನ ಬೆನ್ನುಮೂಳೆ ಎರಡೂ ಪಕ್ಕ ಬೆರಳ ತುದಿಯಿಂದ ಒತ್ತುತ್ತಾ ಹೋಗಿ, ಬೆನ್ನು ಕುಗ್ಗಿಸಿದ್ರೆ, ಚರ್ಮ ಅದುರಿಸಿ ಸರಿದ್ರೆ ನೋವಿದೆ ಅಂತ. ಊತ ಇದ್ರೆ ಅದು ಇಳಿಯೋವರೆಗೆ ಜೀನೇ ಬೇಡ, ಕೈಯಲ್ಲಿ ಹಿಡಿದು ನಡೆಸಿ. ಇನ್ನೊಂದು, ರೇಸ್ ಕುದುರೆಗಳಲ್ಲಿ ಹೊಟ್ಟೆ ಹುಣ್ಣು ತುಂಬಾ ಸಾಮಾನ್ಯ, ತಂಗ್ ಕಟ್ಟುವಾಗ ಕಚ್ಚೋಕೆ ಬರೋದಕ್ಕೆ ಅದೂ ಕಾರಣ ಇರ್ಬಹುದು, ಪ್ಯಾಡಿಗೆ ದುಡ್ಡು ಹಾಕೋ ಮುಂಚೆ ಪಶುವೈದ್ಯರನ್ನ ಒಂದ್ಸಲ ಕರೆಸಿ ತಮ್ಮಾ. ಕರೆಸಿ ಏನಾಯ್ತು ಅಂತ ನನಗೂ ಬರೀರಿ.

ಪ್ರಶ್ನೆ: ಮುಲುಂಡಲ್ಲಿರೋ ತಾಯಿ ನಾನು. ಮಗಳು ಹದಿಮೂರು ವರ್ಷ, ಮೂರು ವರ್ಷದಿಂದ ಇಂಗ್ಲಿಷ್ ರೈಡಿಂಗ್ ಕಲೀತಿದಾಳೆ, ಡೆಕಾಥ್ಲಾನಿಂದ ತಂದ ಫೂಗಾಂಜಾ ಪ್ಯಾಡ್ ಇದೆ. ರಜದಲ್ಲಿ ಕರ್ಜತ್ ಹತ್ರ ಒಂದು ಫಾರ್ಮಲ್ಲಿ ವೆಸ್ಟರ್ನ್ ಕಲಿಸ್ತಾರಂತೆ. ಇರೋ ಪ್ಯಾಡೇ ತಗೊಂಡು ಹೋಗ್ಬಹುದಾ ಅಥವಾ ಇನ್ನೊಂದು ಖರ್ಚಾ?

ಉತ್ತರ: ತಗೊಂಡು ಹೋಗಿ ಮೇಡಂ, ಆದ್ರೆ ವೆಸ್ಟರ್ನ್ ಜೀನಿನ ಕೆಳಗೆ ಹಾಕ್ಬೇಡಿ. ಆ ಪ್ಯಾಡು ಅದರ ಕೆಲಸಕ್ಕೆ ಚೆನ್ನಾಗೇ ಇದೆ, ಇಂಗ್ಲಿಷ್ ಜೀನು ಚಿಕ್ಕದು, ಹಗುರ, ಅದರ ಅಡಿಯಲ್ಲೇ ಮೆತ್ತೆ ಇರುತ್ತೆ, ಹಾಗಾಗಿ ಪ್ಯಾಡು ಬೆವರು ಹೀರೋ ತೆಳು ಬಟ್ಟೆ ಅಷ್ಟೇ. ವೆಸ್ಟರ್ನ್ ಜೀನಿನ ಅಡಿಯಲ್ಲಿ ತೆಳುವಾಗಿ ಕುರಿತುಪ್ಪಳ ಬಿಟ್ರೆ ಅಂಥ ಮೆತ್ತೆ ಇಲ್ಲ, ಪ್ಯಾಡೇ ಮೆತ್ತೆ, ಜೀನಿನ ತೂಕಾನೇ ಹನ್ನೆರಡು ಹದಿನೈದು ಕಿಲೋ ಬರುತ್ತೆ. ಮೇಲಾಗಿ ಇಂಗ್ಲಿಷ್ ಪ್ಯಾಡು ಜೀನಿಗಿಂತ ಚಿಕ್ಕದಾಗಿ ಅದರ ದಪ್ಪ ಅಂಚೂ ಪಟ್ಟಿಗಳೂ ಜೀನಿನ ಅಡಿಗೇ ಸಿಕ್ಕಿಹಾಕ್ಕೊಳ್ಳುತ್ತೆ, ಹಾಸಿಗೆ ಕೆಳಗೆ ಹಗ್ಗ ಇಟ್ಕೊಂಡು ಮಲಗಿದಂಗೆ, ಆ ಗೆರೆ ಕುದುರೆ ಬೆನ್ನಲ್ಲಿ ಮೂಡುತ್ತೆ. ಫಾರ್ಮಿನೋರ ಹತ್ರ ಪ್ಯಾಡ್ ಇದ್ದೇ ಇರುತ್ತೆ, ಖರ್ಚು ಬೇಡ. ಒಂದು ಕೇಳಿ ಅಷ್ಟೇ, ಈ ಪ್ಯಾಡು ಈ ಕುದುರೆದೇನಾ ಅಥವಾ ಎಲ್ಲಾ ಕುದುರೆಗೂ ಇದೊಂದೇನಾ ಅಂತ. ಯಾಕೆ ಕೇಳ್ಬೇಕು ಅನ್ನೋದು ಕೆಳಗೆ ಗೋವಾದೋರಿಗೆ ಬರೆದಿರೋದ್ರಲ್ಲಿದೆ.

ಪ್ರಶ್ನೆ: ಹಡಪ್ಸರ್‌ನಿಂದ ಬರೆಯುತ್ತಿದ್ದೇನೆ, ವಯಸ್ಸು ಎಪ್ಪತ್ನಾಲ್ಕು, ಮೂಲ ವಿಜಯಪುರ ಜಿಲ್ಲೆ. ನಮ್ಮ ಅಜ್ಜ ಕುದುರೆ ಇಟ್ಟಿದ್ದರು, ಜೀನಿನ ಕೆಳಗೆ ಕಂಬಳಿ ಮಡಚಿ ಹಾಕುತ್ತಿದ್ದರು, ಯಾವ ಕುದುರೆಗೂ ಏನೂ ಆಗಲಿಲ್ಲ. ಮೊಮ್ಮಗ ಇಪ್ಪತ್ತು ಸಾವಿರದ ಪ್ಯಾಡ್ ಬೇಕು ಅಂತ ಹಟ ಮಾಡುತ್ತಿದ್ದಾನೆ. ಕಂಬಳಿ ಏಕಾಗಬಾರದು?

ಉತ್ತರ: ಕಾಕಾ, ನಿಮ್ಮ ಪತ್ರ ಓದಿ ನನಗೆ ಭಾಳ ಖುಷಿ ಆಯ್ತು, ಯಾಕಂದ್ರೆ ಆಗಬಾರದು ಅಂತ ಹೇಳೋಕೆ ನನ್ನ ಹತ್ರ ಕಾರಣ ಜಾಸ್ತಿ ಇಲ್ಲ. ವೆಸ್ಟರ್ನ್ ಸವಾರರು ಮೈ ಮರೆಯೋ ನವಾಹೋ ಬ್ಲಾಂಕೆಟ್ ಅಂದ್ರೆ ಏನು, ಅಮೆರಿಕದ ಮೂಲನಿವಾಸಿಗಳು ಮಗ್ಗದಲ್ಲಿ ನೇಯ್ದ ಉಣ್ಣೆ ಹಚ್ಚಡವೇ. ಬ್ರಿಟಿಷ್ ಅಶ್ವದಳದೋರೂ ಜೀನಿನ ಕೆಳಗೆ ಮಡಚಿದ ಕಂಬಳಿ ಹಾಕಿ ಲೋಕ ಸುತ್ತಿದ್ರು. ಇಂಗ್ಲಿಷಲ್ಲಿ ಜೀನಿನ ಕೆಳಗಿನ ಹಾಸಿಗೆ ನಮ್ನಾ ಅಂತ ಒಂದು ಪದ ಇದೆ, ಅದು ನಮ್ಮ ಕಡೆ ಕುದುರೆ ನೋಡ್ಕೊಳ್ಳೋ ಸೈಸ್‌ಗಳು ಇವತ್ತಿಗೂ ಹೇಳೋ ನಮ್ದಾದಿಂದ ಹೋಗಿದ್ದು, ನಮ್ದಾ ಅಂದ್ರೆ ಬಡಿದು ಮಾಡಿದ ಉಣ್ಣೆ, ಫೆಲ್ಟು. ಇಲ್ಲಿಂದ ಹೋದದ್ದೇ ಡಾಲರ್ ಬೆಲೆ ಹಚ್ಕೊಂಡು ವಾಪಸ್ ಬಂದಿದೆ ನೋಡಿ. ಅಷ್ಟಕ್ಕೂ ದೂರ ಯಾಕೆ, ಪುಣೆ ಸೋಲಾಪುರ ರಸ್ತೇಲಿ ಧನಗರರ ಕುರಿಮಂದೆ ದಾಟುವಾಗ ಜೊತೆಗೆ ಗಿಡ್ಡ ಗಟ್ಟಿ ಕುದುರೆಗಳು ಪಾತ್ರೆ ಪಗಡ ಕೋಳಿ ಮರಿ ಎಲ್ಲಾ ಹೊತ್ಕೊಂಡು ಹೋಗ್ತಿರುತ್ವಲ್ಲ, ಭೀಮಾ ನದಿ ಸೀಮೆಯ ಭೀಮಥಡಿ ತಳಿ, ಅವುಗಳ ಬೆನ್ನ ಮೇಲೆ ಘೋಂಗಡಿ, ಅಂದ್ರೆ ಕಂಬಳಿಯ ಮಡಿಕೆ ನಾನೇ ಕಂಡಿದೀನಿ.

ಹಂಗಂತ ಅಜ್ಜಾರ ಕಂಬಳೀನ ಮೊಮ್ಮಗನ ಜೀನಿನ ಕೆಳಗೆ ಸೀದಾ ಹಾಕೋಕೆ ಆಗಲ್ಲ. ಹೊಸ ಕಂಬಳಿಗೆ ಹುಣಸೆ ಬೀಜದ ಗಂಜಿ ಹಾಕಿ ಬಿಗಿ ಮಾಡಿರ್ತಾರೆ, ಅದು ಒರಟು, ಬೆವರು ತಾಗಿದ್ರೆ ಅಂಟಂಟಾಗಿ ಉಜ್ಜುತ್ತೆ, ತಣ್ಣೀರಲ್ಲಿ ಮೂರು ನಾಲ್ಕು ಸಲ ನೆನೆಸಿ ಗಂಜಿ ಪೂರ್ತಿ ಬಿಡಿಸ್ಬೇಕು. ಮಡಿಕೆ ಮಾಡಿದಾಗ ಮಡಚಿದ ದಂಡೆ ಮುಂದಕ್ಕೆ, ಬಿಡಿ ಅಂಚು ಹಿಂದಕ್ಕೆ, ಒಂದು ಸುಕ್ಕೂ ಇರ್ಬಾರ್ದು, ನಡುವಿನ ಹೊಲಿಗೆ ಬೆನ್ನುಮೂಳೆ ಮೇಲಾಗ್ಲೀ ಜೀನಿನ ಹಲಗೆ ಊರೋ ಕಡೆ ಆಗ್ಲೀ ಬರ್ಬಾರ್ದು. ಇದು ದಿನಾ ಸವಾರಿಗೆ ಮುಂಚೆ ಕೂತು ಮಾಡೋ ಕೆಲಸ. ನಿಮ್ಮ ಅಜ್ಜಾರ ಕೈಗೆ ಅದು ಬರ್ತಿತ್ತು, ಅವರು ಕುದುರೆ ಬಿಟ್ಟು ಬೇರೆ ಕಡೆ ನೋಡ್ತಿರ್ಲಿಲ್ಲ. ಮೊಮ್ಮಗ ಮೊಬೈಲ್ ನೋಡ್ತಾ ಹಾಸೋನಾದ್ರೆ ಪ್ಯಾಡೇ ಕೊಡಿಸಿ ಕಾಕಾ. ನಡುವಿನ ದಾರಿ ಬೇಕಂದ್ರೆ ತೊಳೆದ ಕಂಬಳೀನ ಎರಡು ಪದರ ಮಾಡಿ ಮೇಲೆ, ಕುದುರೆ ಮೈಗೆ ತಾಗೋ ಕಡೆ ಅರ್ಧ ಇಂಚಿನ ಫೆಲ್ಟು, ಅಂಥದ್ದು ನಾನು ಎರಡು ವರ್ಷ ಉಪಯೋಗಿಸಿದೀನಿ, ಚಂದಾನೂ ಕಾಣುತ್ತೆ. ಹುಡುಗನ ತೂಕ ಎಷ್ಟು ಅಂತ ಬರೆದಿಲ್ಲ. ಜೀನು ಸೇರಿ ಒಟ್ಟು ಭಾರ ಕುದುರೆ ತೂಕದ ಐದನೇ ಒಂದು ಭಾಗ ದಾಟ್ಬಾರ್ದು ಅನ್ನೋದು ವಾಡಿಕೆ ಲೆಕ್ಕ, 350 ಕಿಲೋದ ಕುದುರೆಗೆ 70, ಅದರಲ್ಲಿ ವೆಸ್ಟರ್ನ್ ಜೀನೇ ಹದಿನೈದು ತಿಂದ್ರೆ ಸವಾರನಿಗೆ ಉಳಿಯೋದು 55. ಗಿಡ್ಡ ಬೆನ್ನಿನ ದೇಶಿ ಕುದುರೆ ಆದ್ರೆ ಸ್ಕರ್ಟು ಗುಂಡಗಿರೋ ಚಿಕ್ಕ ಜೀನು, 28 ಇಂಚು ಉದ್ದದ ಪ್ಯಾಡು ಹುಡುಕಿ, ಕೊನೇ ಪಕ್ಕೆಲುಬು ದಾಟಿ ಸೊಂಟದ ಮೇಲೆ ಭಾರ ಹೋಗ್ಬಾರ್ದು.

ಪ್ರಶ್ನೆ: ಹಾಯ್ ಅಕ್ಕ, ಠಾಣೆ, ಬಿಕಾಂ ಎರಡನೇ ವರ್ಷ. ನಮ್ಮ ಕ್ಲಬ್ಬಿನ ಕುದುರೆ ಕಡು ಕಂದು, ಯಾವ ಬಣ್ಣದ ಪ್ಯಾಡ್ ಹಾಕಿದ್ರೆ ವಿಡಿಯೋಲಿ ಚೆನ್ನಾಗಿ ಕಾಣುತ್ತೆ?

ಉತ್ತರ: ಕೆಳಗಡೆ ಮಾಸಲು ಬಿಳಿ ಇರೋದು ತಗೊಳ್ಳಮ್ಮ, ಕೊಳೆ, ರಕ್ತ, ಬೆವರಿನ ಗುರುತು ಎಲ್ಲಾ ಕಾಣುತ್ತೆ. ಮೇಲ್ಗಡೆ ನಿನ್ನಿಷ್ಟ, ಕಡು ಕಂದಿಗೆ ಇಳಕಲ್ ಸೀರೆ ಕೆಂಪು ಒಪ್ಪುತ್ತೆ.

ಪ್ರಶ್ನೆ: ಗೋವಾದ ಫೋಂಡಾದಿಂದ. ನಾವು ಕಾರವಾರದವರು, ಇಲ್ಲಿ ಮನೆ ಹಿಂದೆ ಎರಡು ಕುದುರೆ ಸಾಕಿದ್ದೇವೆ. ಜೂನ್ ಶುರುವಾದ್ರೆ ಸಾಕು ಪ್ಯಾಡ್ ಒಣಗುವುದೇ ಇಲ್ಲ, ಮುಗ್ಗಲು ವಾಸನೆ, ಹೋದ ವರ್ಷ ಒಂದು ಕುದುರೆಗೆ ಜೀನಿನ ಜಾಗದಲ್ಲಿ ದುಂಡು ದುಂಡಾಗಿ ಕೂದಲು ಉದುರಿತು, ಹದಿನೈದು ದಿನದಲ್ಲಿ ಇನ್ನೊಂದಕ್ಕೂ ಬಂತು, ಆಮೇಲೆ ನಮ್ಮ ಹುಡುಗನ ತೋಳಿಗೂ. ವಾಷಿಂಗ್ ಮಷೀನಿಗೆ ಹಾಕಬಹುದೋ, ಡೆಟಾಲ್ ಹಾಕಿ ತೊಳೆಯುವುದೋ?

ಉತ್ತರ: ನೀವು ಬರೆದಿರೋದು ನೋಡಿದ್ರೆ ಹುಳುಕಡ್ಡಿ, ಗಜಕರ್ಣ ಅಂತಾರಲ್ಲ, ಆ ಶಿಲೀಂಧ್ರದ ಸೋಂಕಿನ ಥರಾನೇ ಇದೆ, ಕುದುರೆಗಳನ್ನ ಪಶುವೈದ್ಯರಿಗೆ ತೋರಿಸಿ ಖಾತ್ರಿ ಮಾಡ್ಕೊಳ್ಳಿ, ಹುಡುಗನ್ನೂ ಡಾಕ್ಟರ ಹತ್ರ ಕರ್ಕೊಂಡು ಹೋಗಿ ಯಾಕಂದ್ರೆ ಅದು ಕುದುರೆಯಿಂದ ಮನುಷ್ಯರಿಗೂ ದಾಟುತ್ತೆ. ಮುಲುಂಡಿನ ಮೇಡಂಗೆ ಕೇಳಿ ಅಂದಿದ್ದು ಇದಕ್ಕೇ, ಒಂದು ಪ್ಯಾಡು, ಒಂದು ಬ್ರಷ್ಷು, ಒಂದು ತಂಗು ಎರಡು ಕುದುರೆಗೆ ಹಾಕಿದ್ರೆ ಸೋಂಕಿಗೆ ಬಸ್ ಪಾಸ್ ಮಾಡಿಸಿಕೊಟ್ಟಂಗೆ. ಮೊದಲನೇ ಕೆಲಸ, ಎರಡಕ್ಕೂ ಬೇರೆ ಬೇರೆ, ಮೇಲೆ ದಪ್ಪಕ್ಷರದಲ್ಲಿ ಕುದುರೆ ಹೆಸರು ಬರೆದಿಡಿ, ಇಲ್ಲಾಂದ್ರೆ ಕೆಲಸದ ಹುಡುಗ ಕೈಗೆ ಸಿಕ್ಕಿದ್ದು ಹಾಕ್ತಾನೆ. ಗಾಯ ಮಾಯೋವರೆಗೆ ಸವಾರಿ ನಿಲ್ಲಿಸಿ.

ಉಣ್ಣೆ ಫೆಲ್ಟ್ ಆದ್ರೆ ಮಷೀನಿಗೆ ಬೇಡ, ಬಿಸಿನೀರು ಬೇಡ, ಬ್ಲೀಚಂತೂ ಬೇಡವೇ ಬೇಡ, ನಾರು ಹಾಳಾಗುತ್ತೆ, ಬಿಸಿಗೆ ಕುಗ್ಗಿ ಹಲಗೆ ಆಗುತ್ತೆ. ಒಣಗಿದ ಮೇಲೆ ಗಟ್ಟಿ ಬ್ರಷ್ಷಿಂದ ಕೂದಲು ಉಪ್ಪು ಎಲ್ಲಾ ಕೆರೆದು ತೆಗೆಯೋದೇ ಮುಖ್ಯ ಕೆಲಸ, ತೀರಾ ಕೊಳೆ ಆದಾಗ ಮಾತ್ರ ಪೈಪಿನ ತಣ್ಣೀರು. ಇಲ್ಲಿ ಒಪ್ಕೋಬೇಕಾದ ಮಾತು ಅಂದ್ರೆ ಸೋಂಕು ತಗುಲಿದ ದಪ್ಪ ಫೆಲ್ಟನ್ನ ಮನೇಲಿ ಪೂರ್ತಿ ಶುದ್ಧ ಮಾಡೋದು ಕಷ್ಟ, ಹಳೇದಾಗಿದ್ರೆ ನಷ್ಟ ಹೊಟ್ಟೆಗೆ ಹಾಕ್ಕೊಂಡು ಸುಟ್ಟುಬಿಡಿ. ಮೇಲೆ ಹುಬ್ಬಳ್ಳಿ ತಮ್ಮನಿಗೆ ಉಣ್ಣೇನೇ ತಗೊಳ್ಳಿ ಅಂತ ಅಷ್ಟುದ್ದ ಬರೆದೆ, ನಿಮ್ಮ ಊರ ಮಳೆಗಾಲಕ್ಕೆ ಮಾತ್ರ ಆ ಮಾತು ಸ್ವಲ್ಪ ಬದಲಾಗುತ್ತೆ. ಫೆಲ್ಟಿನ ಅಡಿಗೆ ತೆಳುವಾದ ಹತ್ತಿಯ ಲೈನರ್ ಹಾಕಿ, ಪ್ರತಿ ಕುದುರೆಗೆ ಮೂರು ನಾಲ್ಕು ಇಟ್ಕೊಳ್ಳಿ, ಅದನ್ನ ಬಿಸಿನೀರಲ್ಲಿ ಕುದಿಸಿ ತೊಳೀಬಹುದು, ಬೇಗ ಒಣಗುತ್ತೆ, ಸುಕ್ಕಾಗದ ಹಾಗೆ ಹಾಸಿದ್ರೆ ಸಾಕು. ಲೈನರ್ ದಪ್ಪ ಇರ್ಬಾರ್ದು, ಪ್ಯಾಡ್ ಮೇಲೆ ಪ್ಯಾಡ್ ಕಥೆ ಮತ್ತೆ ಶುರುವಾಗುತ್ತೆ.

ಒಣಗಿಸೋದು ಮಲೆನಾಡಲ್ಲಿ ಬೆಳೆದ ನನಗೂ ಪ್ರತಿ ವರ್ಷದ ತಲೆನೋವು. ಗೋಡೆಗೆ ಒರಗಿಸ್ಬೇಡಿ, ಒಂದರ ಮೇಲೊಂದು ಪೇರಿಸ್ಬೇಡಿ, ಪ್ಲಾಸ್ಟಿಕ್ ಚೀಲಕ್ಕಂತೂ ಹಾಕ್ಲೇಬೇಡಿ. ದಪ್ಪ ಬಿದಿರಿನ ಗಳಕ್ಕೆ ಬೆನ್ನಿನ ಥರಾನೇ ಹಾಸಿ, ಕುದುರೆ ಮೈಗೆ ತಾಗೋ ಕಡೆ ಮೇಲಕ್ಕೆ ಬರ್ಲಿ, ಕೆಳಗಿಂದ ಟೇಬಲ್ ಫ್ಯಾನ್ ಬಿಡಿ, ನಡುವೆ ಒಂದು ಹೊತ್ತು ಎಳೆ ಬಿಸಿಲು ಬಂದ್ರೆ ಅಂಗಳಕ್ಕೆ ತನ್ನಿ. ಒಲೆ ಮೇಲಿನ ಅಟ್ಟಕ್ಕೆ ಹಾಕೋ ಬುದ್ಧಿ ಬರುತ್ತೆ, ಹಾಕ್ಬೇಡಿ, ಹೊಗೆ ವಾಸನೆಗೆ ಕುದುರೆ ಬೆದರುತ್ತೆ, ನಾನು ಅನುಭವಿಸಿ ಆಗಿದೆ. ದಪ್ಪ ಫೆಲ್ಟು ಮಳೆಗಾಲದಲ್ಲಿ ಎರಡು ಮೂರು ದಿನ ತಗೊಳ್ಳುತ್ತೆ, ಮೇಲೆ ಮುಟ್ಟಿದ್ರೆ ಒಣಗಿದಂಗೆ ಮೋಸ ಮಾಡುತ್ತೆ, ಒಳಗೆ ತೇವ ಇರುತ್ತೆ. ನಡುಭಾಗನ ಎರಡು ಕೈಯಲ್ಲಿ ಹಿಚುಕಿ ಕೆನ್ನೆಗೆ ಒತ್ತಿ ನೋಡಿ, ತಣ್ಣಗೆ ಅನ್ನಿಸಿದ್ರೆ ಇನ್ನೂ ಆಗಿಲ್ಲ, ಅವತ್ತು ಜೀನು ಇಳಿಸಿಟ್ಟು ಕುದುರೆಗಳಿಗೆ ಮೇವು ಹಾಕಿ ಒಳಗೆ ಬನ್ನಿ.